ಅರ್ಧಕ್ಕೆ ನಿಲ್ಲಿಸಿದ ವಾಕ್ಯಗಳು

ಕಿತ್ತೂರಿನ ಆ ಕೋಣೆಯಲ್ಲಿ ಫ್ಯಾನ್ ಹಾಕುವಂತಿರಲಿಲ್ಲ. ಹಾಕಿದರೆ ಅದರ ಸದ್ದು ಮೈಕಿನೊಳಗೆ ಹೋಗುತ್ತಿತ್ತು. ಕಿಟಕಿಗಳಿಗೆ ದಪ್ಪ ಜಮಖಾನೆ ಕಟ್ಟಿ, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದ್ದರು. ನಾನು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ವೃತ್ತದ ಪಾಠ ಹೇಳುತ್ತಿದ್ದೆ. ಶಾಲೆ ಬಿಟ್ಟವರಿಗೆ, ದುಡಿಯಲು ಹೋಗುವ ಹೆಣ್ಣುಮಕ್ಕಳಿಗೆ, ಕಣ್ಣು ಕಿವಿ ಸರಿಯಿಲ್ಲದವರಿಗೆ ಹತ್ತನೆಯ ತರಗತಿಯ ಪಾಠಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕುವ ಸಣ್ಣದೊಂದು ಸಂಸ್ಥೆ ಅದು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಬೈಲಹೊಂಗಲದ ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಕಲಿಸಿ ನಾನು ನಿವೃತ್ತಳಾಗಿ ಆರು ತಿಂಗಳಾಗಿತ್ತು. ಇನ್ನು ಯಾರ ಮೇಲೆ ರೇಗಬೇಕೆಂದು ತಿಳಿಯದೆ ಮನೆಯಲ್ಲಿ ಕೂತಿದ್ದಾಗ ಅವರು ಕರೆದರು, ಹೋದೆ.

ಮೊದಲ ವಾರ ನಾನೇ ಅವರಿಗೆ ಪಾಠ ಮಾಡಿದೆ. ಚಿತ್ರ ತೋರಿಸಿ ‘ಇಲ್ಲಿ ನೋಡಿ, ಇದು ಹೀಗೆ’ ಎನ್ನಬೇಡಿ, ಕಣ್ಣಿಲ್ಲದವರಿಗೆ ಆ ‘ಇಲ್ಲಿ’ ಎಲ್ಲಿದೆ ಎಂದು ಹೇಗೆ ತಿಳಿಯಬೇಕು ಎಂದೆ. ಒಲೆಯ ಮೇಲಿಟ್ಟ ಅನ್ನ ಆಗುವುದರೊಳಗೆ ಒಂದು ಪಾಠ ಮುಗಿಯಬೇಕು, ಕೇಳುವವಳಿಗೆ ಇರುವ ಬಿಡುವು ಅಷ್ಟೇ ಎಂದೆ. ಮಾತಾಡಿದ್ದೆಲ್ಲ ಕೆಳಗೆ ಅಕ್ಷರದಲ್ಲೂ ಬರಲಿ, ಕಿವಿ ಕೇಳದವರು ಓದಿಕೊಳ್ಳಲಿ ಎಂದೆ. ನೀವು ಲಂಗ ಹಾಕಿಕೊಂಡು ಓಡಾಡುವಾಗಲೇ ನಾನು ಇಂಥ ದೂರದ ಪಾಠ ಮಾಡಿದವಳು ಎಂದು ಬೇರೆ ಹೇಳಿಕೊಂಡೆ. ಪಾಪ, ಅವರು ಎಲ್ಲವನ್ನೂ ಬರೆದುಕೊಂಡರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತಂತೆ ಎಂಬ ಗಾದೆ ನನಗೆ ಆಗ ನೆನಪಾಗಲಿಲ್ಲ.

ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದವಳು ನೇಸರಗಿಯ ಹುಡುಗಿ. ಇಪ್ಪತ್ತೆರಡೋ ಇಪ್ಪತ್ತಮೂರೋ ವರ್ಷ, ಮಾತು ಕಡಿಮೆ. ಪಾಠ ಮುಗಿದ ಮೇಲೆ ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು, “ಮೇಡಮ್, ಸ್ವಲ್ಪ ಇಲ್ಲೆ ಬರ್ರಿ,” ಎಂದಳು.

ಕಂಪ್ಯೂಟರಿನ ಪರದೆಯ ಮೇಲೆ ನನ್ನ ದನಿ ಒಂದು ಗೆರೆಯಾಗಿ ಏರಿಳಿಯುತ್ತ ಹೋಗಿತ್ತು. ನಡುನಡುವೆ ಗೆರೆ ಮಲಗಿತ್ತು.

“ಇಲ್ಲೆ ನೋಡ್ರಿ, ಸಪಾಟ ಐತಿ. ಮತ್ತ ಇಲ್ಲೆ. ಒಂದ ಪಾಠದಾಗ ಹದಿನಾಲ್ಕ ಸಲ ಮಾತು ಅರ್ಧಕ್ಕ ನಿಲ್ಲಿಸೀರಿ. ಏನರ ಮರತ್ರೇನ್ರಿ? ತಗದ ಹಾಕ್ಲ್ಯಾ?”

“ಮರ್ತಿಲ್ಲವಾ. ಹುಡುಗ್ಯಾರು ಹೇಳಲಿ ಅಂತ ಬಿಟ್ಟೇನಿ.”

“ಯಾವ ಹುಡುಗ್ಯಾರ್ರಿ?”

ಅವಳು ಅಣಕಿಸಲು ಕೇಳಿದ್ದಲ್ಲ. ನಿಜವಾಗಿಯೂ ತಿರುಗಿ ಕೋಣೆಯನ್ನು ನೋಡಿದಳು. ನಾವಿಬ್ಬರೇ ಇದ್ದೆವು.

“ಪಾಠಾ ಕೇಳೋವ್ರು,” ಎಂದೆ.

“ಹೂಂ. ಅವ್ರು ತಮ್ಮ ಮನ್ಯಾಗ ಕುಂತು ಹೇಳ್ತಾರ ಅಂತ ತಿಳ್ಕೊಳ್ಳೋಣ್ರಿ. ಅದು ಯಾರಿಗೆ ಮುಟ್ಟತೈತಿ?”

ಬೇರೆ ದಿನವಾಗಿದ್ದರೆ ಅವಳಿಗೆ ಸರಿಯಾಗಿ ಮಂಗಳಾರತಿ ಎತ್ತುತ್ತಿದ್ದೆ. ಬಾಯಿ ತೆರೆದೆ ಕೂಡ. ಆದರೆ ಆ ಮಲಗಿದ ಗೆರೆಗಳನ್ನು ನೋಡುತ್ತಿದ್ದಂತೆ ನನಗೆ ರಾಮದುರ್ಗ ನೆನಪಾಯಿತು, ಹತ್ತು ಹನ್ನೆರಡು ವರ್ಷ ಜಂಬ ಕೊಚ್ಚುವಾಗ ಬಿಟ್ಟರೆ ನೆನಪಾಗದ ರಾಮದುರ್ಗ. ತಲೆನೋವು ಎಂದು ಸುಳ್ಳು ಹೇಳಿ ಬೈಲಹೊಂಗಲದ ಬಸ್ಸು ಹತ್ತಿದೆ.

ವಾಕ್ಯ ಅರ್ಧಕ್ಕೆ ನಿಲ್ಲಿಸುವ ಈ ರೂಢಿ ನನ್ನೊಬ್ಬಳದಲ್ಲ. ನಮ್ಮ ಕಡೆ ಯಾವ ಶಾಲೆಯ ಕಿಟಕಿಯ ಹತ್ತಿರ ನಿಂತರೂ ಕೇಳಿಸುತ್ತದೆ. ಮಾಸ್ತರರು ವಾಕ್ಯವನ್ನು ಮುಕ್ಕಾಲು ಹೇಳಿ, ದನಿ ಎತ್ತಿ, ನಿಲ್ಲುತ್ತಾರೆ. ಉಳಿದ ಕಾಲು ಭಾಗ ಮಕ್ಕಳದು. ‘ತ್ರಿಕೋನಕ್ಕೆ ಬಾಹುಗಳು…’ ಎಂದರೆ ‘ಮೂರು’ ಎಂದು ಇಡೀ ತರಗತಿ ಕೂಗುತ್ತದೆ. ಮಾಸ್ತರರು ಅದನ್ನು ಮತ್ತೆ ಹೇಳುವುದಿಲ್ಲ, ನಲವತ್ತು ಗಂಟಲು ಹೇಳಿದ ಮೇಲೆ ಅವರಿಗೇನು ಕೆಲಸ. ಸಂಗೊಳ್ಳಿ, ದೊಡವಾಡದಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗಿಯರು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರೆ ನಾನು ಹಿಡಿಯುತ್ತಿದ್ದದ್ದೂ ಹೀಗೆಯೇ. ಕೂಗಿನಲ್ಲಿ ಒಂದು ದನಿ ಕಡಿಮೆಯಾದರೂ ಬೋರ್ಡಿನ ಕಡೆ ಮುಖ ಮಾಡಿ ನಿಂತ ನನಗೆ ಗೊತ್ತಾಗುತ್ತಿತ್ತು. ಆ ಕಿವಿಯ ಬಗ್ಗೆ ನನಗೆ ಬಹಳ ಜಂಬವಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಸಂತೆಯ ದಿನ ಮಧ್ಯಾಹ್ನ ಒಬ್ಬ ಟೆಂಪೋ ಚಾಲಕ ಶಾಲೆಯ ಗೇಟಿನಲ್ಲಿ ನನ್ನನ್ನು ಕಾಯುತ್ತಿದ್ದ. ರಾಮದುರ್ಗದ ಮುಸಲ್ಮಾನ, ಐವತ್ತರ ಆಸುಪಾಸು, ಗಡ್ಡದಲ್ಲಿ ಹತ್ತಿಯ ಎಳೆ ಅಂಟಿಕೊಂಡಿತ್ತು. ವಾರಕ್ಕೊಮ್ಮೆ ಸೀರೆಯ ಗಂಟು ಹೇರಿಕೊಂಡು ಸವದತ್ತಿಯ ಮೇಲೆ ಬೈಲಹೊಂಗಲಕ್ಕೆ ಬಂದು ಹೋಗುವವನು.

“ಅಕ್ಕಾರ, ನನ್ನ ಮಗಳಿಗೆ ಕಣ್ಣ ಕಾಣಂಗಿಲ್ರಿ,” ಎಂದ. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕಾರ ಎನ್ನುತ್ತಾರೆ. “ಏಳನೇತ್ತೆ ಮಟಾ ಬರೇ ಕೇಳ್ಕೋತ ಕುಂತು ಪಾಸಾದ್ಳು. ಮುಂದ ಬ್ಯಾಡ ಅಂತ ಸಾಲ್ಯಾಗ ಅಂದ್ಬಿಟ್ರು. ಈಗ ಮನ್ಯಾಗ ಕಂಡಿಕಿ ಸುತ್ತತಾಳ. ಹತ್ತನೇತ್ತೆ ಹೊರಗಿಂದ ಕಟ್ಟತೇನಿ ಅಂತ ಹಟಾ ಹಿಡದಾಳ್ರಿ. ಉಳದದ್ದೆಲ್ಲಾ ಯಾರರ ಓದಿ ಹೇಳತಾರ. ಗಣಿತಾ ಒಂದ ಯಾರೂ ಹೇಳವಲ್ರು.”

ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಅದನ್ನು ರಾಟೆಯ ಮೇಲೆ ಸುತ್ತಲು ಬೆರಳಿಗೆ ಹದ ಗೊತ್ತಿದ್ದರೆ ಸಾಕು, ಕಣ್ಣು ಬೇಕಿಲ್ಲ.

“ನಾ ರಾಮದುರ್ಗಕ್ಕ ಬಂದು ಹೇಳಾಕ ಆಗತೈತೇನು?” ಎಂದೆ.

“ಬರೂದ್ ಬ್ಯಾಡ್ರಿ. ನಿಮ್ಮ ದನಿ ಈ ಗೇಟಿನ ಮಟಾ ಕೇಳಸ್ತೈತಿ. ಅದನ್ನ ಕ್ಯಾಸೆಟ್ನ್ಯಾಗ ತುಂಬಿ ಕೊಟ್ರ ನಾ ಮುಟ್ಟಸ್ತೇನಿ.”

ಹೊಗಳಿದರೆ ನಾನು ಕರಗುತ್ತೇನೆ, ಸುಳ್ಳೇಕೆ ಹೇಳಲಿ. ಒಪ್ಪಿಕೊಂಡೆ.

ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮನೆಯವರನ್ನು ಕಟ್ಟೆಗೆ ಅಟ್ಟಿ, ಬಾಗಿಲು ಹಾಕಿ, ಟೇಪ್ ರೆಕಾರ್ಡರ್ ಮುಂದೆ ಕೂರುತ್ತಿದ್ದೆ. ಈಗಲೂ ಹೇಳುತ್ತೇನೆ, ಆ ಪಾಠಗಳಿಗೆ ನಾನು ಪಟ್ಟಷ್ಟು ಶ್ರಮ ಬೇರೆ ಯಾವುದಕ್ಕೂ ಪಟ್ಟಿಲ್ಲ. ಬೋರ್ಡಿಲ್ಲದೆ ರೇಖಾಗಣಿತ ಹೇಳಬೇಕಲ್ಲ. ಮೆತ್ತಗಿನ ರೊಟ್ಟಿಯನ್ನು ನಡುವೆ ಮಡಚು, ಮಡಚಿದ ಗೆರೆ ಬೆರಳಿಗೆ ಸಿಗುತ್ತದೆ, ಅದೇ ವ್ಯಾಸ ಎಂದೆ. ಒಡೆದ ಬಳೆಯ ಅರ್ಧ ತುಂಡು ಹುಡುಕಿ ಇಟ್ಟುಕೋ, ಅದೇ ಅರ್ಧವೃತ್ತ, ಅದರ ಎರಡು ತುದಿಗೆ ನೂಲು ಕಟ್ಟು ಎಂದೆ. ಕಣ್ಣು ಮುಚ್ಚಿಕೊಂಡು ನಾನೇ ರೊಟ್ಟಿ ಮಡಚಿ, ಬಳೆ ಹಿಡಿದು ನೋಡುತ್ತಿದ್ದೆ. ಬಾಯಿ ತಪ್ಪಿ ‘ಇಲ್ಲಿ ನೋಡು’ ಎಂದುಬಿಟ್ಟರೆ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ಮತ್ತೆ ಹೇಳುತ್ತಿದ್ದೆ.

ಆದರೆ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುವುದನ್ನು ಬಿಡಲಿಲ್ಲ. ಬಿಡಬೇಕು ಎಂದು ಹೊಳೆಯಲೇ ಇಲ್ಲ. ‘ಅರ್ಧವೃತ್ತದೊಳಗಿನ ಕೋನ ಯಾವಾಗಲೂ…’ ಎಂದು ನಿಲ್ಲುತ್ತಿದ್ದೆ. ಆ ಖಾಲಿ ಕೋಣೆಯಲ್ಲಿ ನನ್ನ ಕಿವಿಗೆ ನಲವತ್ತು ಹುಡುಗಿಯರು ‘ಲಂಬಕೋನ’ ಎಂದು ಕೂಗಿದ್ದು ಕೇಳಿಸುತ್ತಿತ್ತು. ಇಪ್ಪತ್ತು ವರ್ಷ ಕೇಳಿದ ಕೂಗು, ಹುಡುಗಿಯರು ಇಲ್ಲದಿದ್ದರೂ ಬರುತ್ತಿತ್ತು. ಅಷ್ಟು ಹೊತ್ತು ಬಿಟ್ಟು ಮುಂದಕ್ಕೆ ಹೋಗುತ್ತಿದ್ದೆ. ಹೀಗೆ ಇಪ್ಪತ್ತೆರಡು ಪಾಠ ತುಂಬಿಸಿದೆ, ಮುಖ್ಯವಾದ ಉತ್ತರ ಒಂದನ್ನೂ ಬಾಯಿಬಿಟ್ಟು ಹೇಳದೆ.

ನನ್ನ ಹತ್ತಿರ ಐದು ಕ್ಯಾಸೆಟ್ ಇದ್ದವು. ಸಂತೆಗೆ ಬಂದಾಗ ಅವನು ಹೋದ ವಾರದ್ದನ್ನು ವಾಪಸು ಕೊಟ್ಟು ಹೊಸದನ್ನು ಒಯ್ಯುತ್ತಿದ್ದ. “ಮಗಳು ಭಾಳ ಮನಸಿಟ್ಟ ಮಾಡ್ಯಾಳ್ರಿ,” ಎನ್ನುತ್ತಿದ್ದ. “ಛಲೋ ಆತು ಬಿಡ್ರಿ,” ಎಂದು ನಾನು ಕ್ಯಾಸೆಟ್ಟನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ಭಾನುವಾರ ಅದನ್ನು ಹಿಂದಕ್ಕೆ ತಿರುಗಿಸಿ ಅದರ ಮೇಲೆಯೇ ಮುಂದಿನ ಪಾಠ ತುಂಬುತ್ತಿದ್ದೆ. ಒಮ್ಮೆಯೂ ಹಾಕಿ ಕೇಳಲಿಲ್ಲ. ಯಾಕೆ ಕೇಳಬೇಕು, ಅದರಲ್ಲಿ ಇದ್ದದ್ದು ನನ್ನದೇ ದನಿಯಲ್ಲವೇ.

ಅವಳು ಪರೀಕ್ಷೆಗೆ ಕೂತಳು. ಹೇಳಿದ್ದನ್ನು ಬರೆಯಲು ಕೆಳಗಿನ ತರಗತಿಯ ಹುಡುಗಿಯೊಬ್ಬಳನ್ನು ಕೊಟ್ಟಿದ್ದರಂತೆ. ಫಲಿತಾಂಶ ಬಂದ ವಾರ ಅಪ್ಪ ಗೇಟಿಗೆ ಬಂದ. ಎಲ್ಲದರಲ್ಲಿ ಪಾಸು, ಗಣಿತದಲ್ಲಿ ನಪಾಸು. ಕೊನೆಯ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ನನಗೆ ಸಿಟ್ಟು ಬಂತು. ಇಪ್ಪತ್ತೆರಡು ಭಾನುವಾರಗಳು ಕಣ್ಣ ಮುಂದೆ ಬಂದವು. “ನಾ ಹೇಳೋದೆಲ್ಲಾ ಹೇಳೇನಿ. ಆಕಿ ತಲಿಗೆ ಹತ್ತಲಿಲ್ಲಂದ್ರ ನಾ ಏನ ಮಾಡ್ಲಿ?” ಎಂದೆ. ಮಾತು ಬಿದ್ದ ಮೇಲೆ ಮೆತ್ತಗಾಗಿ, “ಅಕ್ಟೋಬರಿಗೆ ಮತ್ತ ಕಟ್ಟಸ್ರಿ,” ಎಂದೂ ಸೇರಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ತಲೆಯಾಡಿಸಿ, ಕ್ಯಾಸೆಟ್ಟನ್ನು ನನ್ನ ಕೈಗಿಟ್ಟು ಹೋದ. ಆಮೇಲೆ ಬರಲಿಲ್ಲ. ಉಳಿದ ನಾಲ್ಕರ ಮೇಲೆ ಮನೆಯವರು ಭಜನೆ ತುಂಬಿಕೊಂಡರು, ತುಂಬಲು ಪಾಠ ಉಳಿದಿರಲಿಲ್ಲವಾದ್ದರಿಂದ ಈ ಒಂದು ಕ್ಯಾಸೆಟ್ ಹೊಲಿಗೆ ಯಂತ್ರದ ಡ್ರಾಯರಿನೊಳಗೆ ಬಿದ್ದುಕೊಂಡಿತು.

ಕಿತ್ತೂರಿನಿಂದ ಬಂದವಳು ಚಪ್ಪಲಿ ಬಿಟ್ಟು ನೇರ ಆ ಡ್ರಾಯರಿಗೆ ಹೋದೆ. ಗುಂಡಿ, ಉಕ್ಕಿನ ಟೇಪು, ತುಕ್ಕು ಹಿಡಿದ ಕತ್ತರಿಯ ಕೆಳಗೆ ಕ್ಯಾಸೆಟ್ ಸಿಕ್ಕಿತು. ಟೇಪ್ ರೆಕಾರ್ಡರಿನ ಬೆಲ್ಟ್ ಸಡಿಲಾಗಿತ್ತು. ಬಸ್ ನಿಲ್ದಾಣದ ಹತ್ತಿರದ ರಿಪೇರಿಯವನು ಇಂಥದ್ದನ್ನು ಇನ್ನೂ ಇಟ್ಟುಕೊಂಡೀರೇನ್ರಿ ಎಂದು ನಗುತ್ತ ಹಾಕಿಕೊಟ್ಟ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಅಡುಗೆಮನೆಯ ಬಿಸಿಲಿನಲ್ಲಿ ಕೂತು ಗುಂಡಿ ಒತ್ತಿದೆ.

ಪರೀಕ್ಷೆಗೆ ಮೊದಲು ತುಂಬಿದ ವೃತ್ತದ ಪುನರಾವರ್ತನೆ ಅದು. ನನ್ನ ದನಿ ಎಷ್ಟು ಎಳೆಯದಿತ್ತು, ಎಷ್ಟು ಧಿಮಾಕಿನದಿತ್ತು. ‘ವೃತ್ತದ ನಡುವೆ ಹಾಯುವ ಎಲ್ಲಕ್ಕಿಂತ ಉದ್ದದ ಗೆರೆಗೆ…’ ಎಂದು ನಿಂತೆ.

ಟಕ್ ಎಂಬ ಸದ್ದು. ಹಿಂದೆ ರಾಟೆಯೊಂದು ನಿಲ್ಲುವ ಕಿರ್ರ್ ಸದ್ದು. ಆಮೇಲೆ ಒಂದು ಹುಡುಗಿಯ ದನಿ, ತೀರಾ ಹತ್ತಿರ, ಮೈಕಿಗೆ ಬಾಯಿ ಹಚ್ಚಿ ಹೇಳಿದ್ದು: “ವ್ಯಾಸ ರೀ.”

ಮತ್ತೆ ಟಕ್. ನನ್ನ ಮುಂದಿನ ವಾಕ್ಯದ ಮೊದಲ ಅಕ್ಷರಗಳನ್ನು ನುಂಗಿ ಪಾಠ ಮುಂದುವರಿಯಿತು.

ನಾನು ಗುಂಡಿ ಒತ್ತಿ ನಿಲ್ಲಿಸಿದೆ. ಅವಳು ಪಾಠವನ್ನು ಎರಡು ಮೂರು ಸಲ ಕೇಳಿ, ನಾನು ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲುತ್ತೇನೆ ಎಂದು ಲೆಕ್ಕ ಇಟ್ಟು, ಸರಿಯಾಗಿ ಆ ಜಾಗಕ್ಕೆ ತಮ್ಮ ಮನೆಯ ಟೇಪ್ ರೆಕಾರ್ಡರಿನ ಪ್ಲೇ, ರೆಕಾರ್ಡ್ ಎರಡೂ ಗುಂಡಿ ಒಟ್ಟಿಗೆ ಒತ್ತಿ ತನ್ನ ಉತ್ತರ ತುಂಬಿದ್ದಳು. ನಾನು ಜಾಗ ಬಿಟ್ಟದ್ದು ಅವಳಿಗಾಗಿ ಎಂದು ತಿಳಿದಿದ್ದಳು. ಮತ್ತೆ ಯಾರಿಗಾಗಿ ಎಂದು ತಿಳಿಯಬೇಕಿತ್ತು? ಕೇಳುವವಳು ಅವಳೊಬ್ಬಳೇ.

‘ವ್ಯಾಸದ ಅರ್ಧ…’ “ತ್ರಿಜ್ಯ ರೀ.” ‘ಅರ್ಧವೃತ್ತದೊಳಗಿನ ಕೋನ ಯಾವಾಗಲೂ…’ ಇಲ್ಲಿ ಅವಳು ಸ್ವಲ್ಪ ತಡೆದಳು. “ಲಘುಕೋನ ರೀ.”

ತಪ್ಪು. ಪಾಠದಲ್ಲಿ ನಾನು ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಹೋಗಿದ್ದೆ. ಕ್ಯಾಸೆಟ್ಟಿನ ಕೊನೆಗೆ ಅವಳು ಹೇಳಿದ್ದಳು: “ಅಕ್ಕಾರ, ಪಾಠಾ ಮುಗೀತ್ರಿ. ಎಲ್ಲಾ ಹೇಳೇನಿ.” ಆಮೇಲೆ ರಾಟೆಯ ಸದ್ದು, ಟೇಪು ಮುಗಿಯುವವರೆಗೆ.

ಇನ್ನೊಂದು ಇತ್ತು. ನನ್ನದು ಅಗ್ಗದ ಟೇಪ್ ರೆಕಾರ್ಡರ್, ಹಳೆಯದನ್ನು ಪೂರ್ತಿ ಅಳಿಸುತ್ತಿರಲಿಲ್ಲ. ಎರಡನೆಯ ಸಲ ಕೇ‍ಳುವಾಗ, ನಾನು ಉಸಿರು ತೆಗೆದುಕೊಳ್ಳುವ ಕಡೆಗಳಲ್ಲಿ, ನನ್ನ ದನಿಯ ಕೆಳಗೆ ಇನ್ನೊಂದು ದನಿ ಕೇಳಿಸಿತು. ಗೋಡೆಯಾಚೆ ಯಾರೋ ಮಾತಾಡಿದ ಹಾಗೆ. ಹಿಂದಿನ ಪಾಠದ ಉತ್ತರಗಳು. ಅವುಗಳ ಮೇಲೆ ನಾನು ಕೂತುಬಿಟ್ಟಿದ್ದೆ. ಎಷ್ಟು ಕಿವಿಗೊಟ್ಟರೂ ಮಾತು ಹತ್ತಲಿಲ್ಲ, ಕೊನೆಯ ‘ರೀ’ ಒಂದು ಮಾತ್ರ ಹತ್ತುತ್ತಿತ್ತು. ನಮ್ಮಲ್ಲಿ ನೆರೆಮನೆಯ ಡಬ್ಬಿಯನ್ನು ಯಾರೂ ಬರಿದು ಮಾಡಿ ವಾಪಸು ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಇಪ್ಪತ್ತೆರಡು ಸಲ ಡಬ್ಬಿ ತುಂಬಿ ಬಂದಿತ್ತು, ನಾನು ಮುಚ್ಚಳ ತೆಗೆದು ನೋಡಲಿಲ್ಲ.

ಆ ವಾರ ನಾನು ನಾನಾಗಿರಲಿಲ್ಲ. ಕಾಯಿಪಲ್ಲೆಯವಳ ಮುಂದೆ ‘ಬದನಿಕಾಯಿ ಅರ್ಧ…’ ಎಂದು ಸುಮ್ಮನೆ ನಿಂತುಬಿಟ್ಟರೆ ಬೆನ್ನ ಹಿಂದೆ ‘ರೀ’ ಎಂದ ಹಾಗಾಗುತ್ತಿತ್ತು. ಮಿಕ್ಸಿ ನಿಲ್ಲಿಸಿದ ಕೂಡಲೇ, ನಲ್ಲಿ ಕಟ್ಟಿದ ಕೂಡಲೇ, ಸದ್ದು ನಿಂತ ಜಾಗದಲ್ಲೆಲ್ಲ ಯಾರೋ ಉತ್ತರ ಹೇಳಲು ಬಾಯಿ ತೆರೆದಂತೆ. ಮನೆಯವರು ಏನಾಗೇದ ನಿನಗ ಎಂದರು. ಏನೂ ಇಲ್ಲ ಎಂದೆ. ಕಿತ್ತೂರಿನಿಂದ ಎರಡು ಸಲ ಫೋನ್ ಬಂತು, ಎತ್ತಲಿಲ್ಲ. ಹೆದರಿದ್ದೆ ಎಂದೇ ಹೇಳಬೇಕು. ಇಡೀ ಜೀವಮಾನ ಮಕ್ಕಳನ್ನು ಹೆದರಿಸಿದವಳು ಒಂದು ಹುಡುಗಿಯ ‘ರೀ’ಗೆ ಹೆದರಿ ಕೂತಿದ್ದೆ.

ಎಂಟನೆಯ ದಿನ ಟೇಪ್ ರೆಕಾರ್ಡರನ್ನು ಟವೆಲ್ಲಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಹೊರಟೆ. ಹುಣ್ಣಿಮೆ ಹತ್ತಿರವಿತ್ತು, ಸವದತ್ತಿಯವರೆಗೆ ದೇವಿಯ ಗುಡ್ಡಕ್ಕೆ ಹೋಗುವವರ ನಡುವೆ ಒಂಟಿ ಕಾಲಲ್ಲಿ ನಿಂತು ಹೋದೆ. ಅಲ್ಲಿ ಬಸ್ಸು ಬದಲಿಸಿದ ಮೇಲೆ ಸೀಟು ಸಿಕ್ಕಿತು. ರಾಮದುರ್ಗ ಬರುವವರೆಗೂ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಅವಳು ಸಿಗದಿರಲಿ ಎಂದು ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

ಪೇಟೆಯ ಮಸೀದಿಯ ಹಿಂದಿನ ಓಣಿ ಎಂದು ಅಪ್ಪ ಒಮ್ಮೆ ಹೇಳಿದ್ದ ನೆನಪು. ಕಣ್ಣು ಕಾಣದ, ಕಂಡಿಕೆ ಸುತ್ತುವ ಹೆಣ್ಣುಮಗಳು ಎಂದು ಕೇಳಿದೆ, ಚಹಾದ ಅಂಗಡಿಯವನು ಕೈ ಮಾಡಿ ತೋರಿಸಿದ. ಓಣಿಯಲ್ಲಿ ಮಗ್ಗದ ಸದ್ದು ಎರಡು ಬದಿಯಿಂದ ಬರುತ್ತಿತ್ತು. ತೆರೆದ ಬಾಗಿಲೊಂದರ ಒಳಗೆ ಒಬ್ಬಳು ಬೆನ್ನು ಮಾಡಿ ಕೂತು ರಾಟೆ ತಿರುಗಿಸುತ್ತಿದ್ದಳು.

“ಮನ್ಯಾಗ ಯಾರದೀರಿ?” ಎಂದೆ.

ರಾಟೆ ನಿಂತಿತು. ಅದೇ ಕಿರ್ರ್ ಸದ್ದು. ಅವಳು ತಿರುಗಲಿಲ್ಲ, ತಲೆಯನ್ನು ಸ್ವಲ್ಪ ವಾಲಿಸಿದಳು ಅಷ್ಟೇ.

“ಅಕ್ಕಾರ,” ಎಂದಳು.

ನಾವು ಒಮ್ಮೆಯೂ ಭೇಟಿಯಾದವರಲ್ಲ. ಅವಳ ದನಿ ಹೇಗಿದೆ ಎಂದು ನಾನು ಎಂಟು ದಿನದ ಹಿಂದೆ ತಿಳಿದುಕೊಂಡವಳು. ಹೊಸ್ತಿಲಲ್ಲೇ ನನಗೆ ಅಳು ಬಂತು. ಅವಳಿಗೆ ಅದೂ ಕೇಳಿಸಿರಬೇಕು. ಎದ್ದು ಬಂದು ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದಳು. ಅಬ್ಬಾ ತೀರಿಕೊಂಡು ನಾಲ್ಕು ವರ್ಷವಾಯಿತು, ಅಣ್ಣನ ಮನೆಯಲ್ಲಿ ಇದ್ದೇನೆ, ಅತ್ತಿಗೆ ಒಳ್ಳೆಯವಳು ಎಂದಳು. ಚಹಾ ಬಂತು. ನಾನು ಕುಡಿಯಲಾರದೆ, ಟವೆಲ್ಲು ಬಿಚ್ಚಿ ಟೇಪ್ ರೆಕಾರ್ಡರನ್ನು ನಡುವೆ ಇಟ್ಟು ಗುಂಡಿ ಒತ್ತಿದೆ. ಹೇಗೆ ಶುರು ಮಾಡಬೇಕೆಂದು ಬೇರೆ ದಾರಿ ತೋಚಲಿಲ್ಲ.

“ವ್ಯಾಸ ರೀ,” ಎಂದಿತು ಹದಿನಾರು ವರ್ಷದ ದನಿ. ಅವಳು ನಕ್ಕಳು. “ನಾನ ಏನ್ರಿ ಇದು?” ಎಂದಳು.

“ಸರಿ ಐತಿ,” ಎಂದೆ.

“ತ್ರಿಜ್ಯ ರೀ.”

“ಸರಿ.”

“ಲಘುಕೋನ ರೀ.”

ಟೇಪು ನಿಲ್ಲಿಸಿದೆ. “ಇದು ತಪ್ಪವಾ. ಲಂಬಕೋನ. ತೊಂಬತ್ತ ಡಿಗ್ರಿ.”

ಅವಳ ಬೆರಳು ನೂಲನ್ನು ಹುಡುಕಿ ಹಿಡಿದುಕೊಂಡಿತು. “ಅರ್ಧ ಬಳಿ ತುದಿ ಚುಚ್ಚತಿತ್ರಿ. ಚುಚ್ಚೂದಂದ್ರ ಲಘು ಇರಬೇಕು ಅಂದ್ಕೊಂಡೆ,” ಎಂದಳು. ಆಮೇಲೆ, “ಪರೀಕ್ಷೆದಾಗೂ ಇದನ್ನ ಹೇಳಿದ್ನಿರಿ. ಬರಿಯೋ ಹುಡುಗಿ ಖರೇನ ಅಂತ ಕೇಳಿದ್ಳು. ನಮ್ಮ ಅಕ್ಕಾರಿಗೆ ಎರಡ ಸಲ ಹೇಳೇನಿ, ಅವ್ರು ತಪ್ಪ ಅಂದಿಲ್ಲ, ನೀ ಬರಿ ಅಂದೆ. ಆವಾಗ ಯಾಕ ಹೇಳಲಿಲ್ರಿ ಅಕ್ಕಾರ?”

ಅಲ್ಲಿಯವರೆಗೆ ಬಸ್ಸಿನಲ್ಲಿ ನಾನು ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹೋದವು.

“ನಾ ಹಾಕಿ ಕೇಳೇ ಇಲ್ಲವಾ. ಒಮ್ಮೆನೂ. ನೀ ಅದರಾಗ ಮಾತಾಡೀದಿ ಅಂತ ನನಗ ಗೊತ್ತ ಇರಲಿಲ್ಲ. ತಿರುಗಿಸಿ ಅದರ ಮ್ಯಾಲೇನ ಮುಂದಿಂದು ತುಂಬತಿದ್ದೆ.”

“ಅಳಸ್ತಿದ್ರಿ ಅನ್ನೋದು ಗೊತ್ತಿತ್ರಿ,” ಎಂದಳು. “ಹೊಸಾ ಪಾಠದ ಬುಡಕ್ಕ ನನ್ನ ಹಳೇ ಮಾತು ಸಣ್ಣಂಗ ಕೇಳಸ್ತಿತ್ತು. ಆದ್ರ ಪಾಟಿ ನೋಡಿದ ಮ್ಯಾಲೇನ ಅಕ್ಕಾರು ಒರಸೋದು. ನೋಡದ ಯಾರ ಒರಸ್ತಾರ್ರಿ? ಒರಸ್ಯಾರ ಅಂದ್ರ ನೋಡ್ಯಾರ, ತಪ್ಪ ಅಂದಿಲ್ಲ ಅಂದ್ರ ಸರಿ ಐತಿ. ಹಂಗ ತಿಳ್ಕೊಂಡಿದ್ದೆ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಶಾಲೆಯಲ್ಲಿ ಸ್ಲೇಟು ಹಿಡಿದು ಕೂತ ಯಾವ ಮಗುವಾದರೂ ಹಾಗೆಯೇ ತಿಳಿಯುತ್ತದೆ. ನಾನು ನೋಡದೆಯೇ ಒರೆಸಿದ್ದೆ. ಆಮೇಲೆ ಅವಳ ತಲೆಗೆ ಹತ್ತಲಿಲ್ಲ ಎಂದು ಅಪ್ಪನ ಮುಂದೆ ಅಂದಿದ್ದೆ. ಅದನ್ನೂ ಹೇಳಿದೆ. ಅಬ್ಬಾ ಅದನ್ನು ಮನೆಗೆ ಬಂದು ಹೇಳಿರಲಿಲ್ಲವಂತೆ. ಅಕ್ಕಾರಿಗೆ ಇನ್ನು ಬಿಡುವಿಲ್ಲವಂತೆ ಎಂದಷ್ಟೇ ಹೇಳಿದ್ದನಂತೆ.

ಮತ್ತೆ ಪರೀಕ್ಷೆಗೆ ಯಾಕೆ ಕಟ್ಟಲಿಲ್ಲ ಎಂದು ಕೇಳಿದೆ. “ಹೆಂಗ ಕಟ್ಟಲ್ರಿ? ಎಲ್ಲಾ ಸರಿ ಹೇಳಿ ನಪಾಸ ಆದ್ನೆಲ್ಲಾ. ಏನ ತಪ್ಪೈತಿ ಅಂತ ಗೊತ್ತಾಗದ ಏನ ತಿದ್ದಕೊಳ್ಳಲಿ,” ಎಂದಳು.

ಕಿತ್ತೂರಿನಲ್ಲಿ ಇಂಥ ಪಾಠ ಮಾಡುತ್ತಿದ್ದಾರೆ, ಹೇಳಿದ ಉತ್ತರ ಹೇಳಿಕೊಟ್ಟವರಿಗೆ ಮುಟ್ಟುವ ಹಾಗೆ ಮಾಡಿಸುತ್ತೇನೆ, ಇಲ್ಲದಿದ್ದರೆ ನಾನು ಬಾಯಿಯನ್ನೇ ತೆರೆಯುವುದಿಲ್ಲ ಎಂದು ಏನೇನೋ ಬಡಬಡಿಸಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ಬೇರೆಯವರ ಸುದ್ದಿ ಕೇಳಿದ ಹಾಗೆ.

“ಉಳದ ಪಾಠದಾಗೂ ತಪ್ಪಿದ್ದುವೇನ್ರಿ?” ಎಂದಳು.

“ಅವು ಇಲ್ಲವಾ. ಎಲ್ಲಾ ಅಳಿಸಿ ಹೋಗ್ಯಾವ. ನನಗ ಹೆಂಗ ಗೊತ್ತಾಗಬೇಕು?”

“ನನ್ನ ಕಡೆ ಅದಾವ್ರಿ,” ಎಂದಳು.

ಏನೆಂದು ತಿಳಿಯದೆ ಗೋಡೆಯ ಗೂಡು, ಪೆಟ್ಟಿಗೆಗಳ ಕಡೆ ನೋಡಿದೆ. ಅವಳು ರಾಟೆಯನ್ನು ಪಕ್ಕಕ್ಕೆ ಸರಿಸಿ, ಕಾಲು ಮಡಚಿ, ನೆಟ್ಟಗೆ ಕೂತಳು. ಗಂಟಲು ಸರಿಮಾಡಿಕೊಂಡಳು. ಆ ಕೆಮ್ಮು ನನ್ನದು. ಪಾಠ ಶುರು ಮಾಡುವ ಮೊದಲು ನಾನು ಕೆಮ್ಮುವ ಕೆಮ್ಮು.

“ಒಂದನೇ ಪಾಠ,” ಎಂದಳು, ನನ್ನ ದನಿಯ ಏರಿಳಿತದಲ್ಲಿ. “ಒಂದ ಬುಟ್ಟಿ ತುಂಬ ಬಳಿ ಅದಾವು. ಒಂದೇ ಜಾತಿಯ ವಸ್ತುಗಳು ಹಿಂಗ ಒಂದ ಕಡೆ ಕೂಡಿದ್ರ ಗಣಿತದಾಗ ಅದಕ್ಕ…”

ನಿಂತಳು, ನಾನು ಎಷ್ಟು ಹೊತ್ತು ನಿಲ್ಲುತ್ತಿದ್ದೆನೋ ಅಷ್ಟೇ ಹೊತ್ತು. ಆಮೇಲೆ ತನ್ನ ದನಿಯಲ್ಲಿ, “ಗಣ ರೀ,” ಎಂದು ಮುಖವನ್ನು ನನ್ನ ಕಡೆ ತಿರುಗಿಸಿ ಕಾದಳು.

ಸವದತ್ತಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. ನಾನು ಚಪ್ಪಲಿಯನ್ನು ಹೊಸ್ತಿಲಿಂದ ಒಳಗೆ ತೆಗೆದಿಟ್ಟು ಬಂದು ಅವಳೆದುರು ಕೂತೆ.

“ಸರಿ,” ಎಂದೆ.

ಅವಳು ತಲೆಯಾಡಿಸಿ ಎರಡನೆಯದಕ್ಕೆ ಹೋದಳು.